ನಮ್ಮವರ ಎಣಿಕೆಗೆ ನಾನು ಸೇರಿಸಿದ ನೂರಾ ಇಪ್ಪತ್ತೆಂಟು

ನನ್ನ ಗಂಡನ ಹೆಸರು ಅನಿಲಕುಮಾರ. ಅವರು ಇರುವತನಕ ಈ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದವಳಲ್ಲ. ಇವರು ಎನ್ನುತ್ತಿದ್ದೆ, ನಮ್ಮವರು ಎನ್ನುತ್ತಿದ್ದೆ. ಈಗ ಬರೆಯುತ್ತಿದ್ದೇನೆ. ಆ ಹೆಸರಿನ ಮೇಲೆ ಒಂದು ತಪ್ಪು ಬಂದು ಕುಳಿತಿದೆ. ಆ ತಪ್ಪು ಮಾಡಿದವಳು ನಾನು.

ಅವರು ಹುನಗುಂದದವರು. ನಾನೂ ಹುನಗುಂದದವಳೇ. ಲಗ್ನವಾದ ಮೇಲೆ ಇಳಕಲ್ಲಿನಲ್ಲಿ ಮನೆ ಮಾಡಿದೆವು. ಅವರದು ಕರೆಂಟ್ ಮೀಟರ್ ಓದುವ ಕೆಲಸ. ಕಾಯಂ ಅಲ್ಲ, ಗುತ್ತಿಗೆಯದು. ಇಪ್ಪತ್ತಾರು ವರ್ಷ ಇಳಕಲ್, ಹುನಗುಂದ, ಸುತ್ತಲಿನ ಹಳ್ಳಿಗಳ ಓಣಿ ಓಣಿ ತಿರುಗಿದರು. ಮೊದಲು ಸೈಕಲ್, ಆಮೇಲೆ ಒಂದು ಹಳೆಯ ಗಾಡಿ. ನಮಗೆ ಮಕ್ಕಳಾಗಲಿಲ್ಲ.

ಮೀಟರ್ ಓದುವವರಲ್ಲಿ ಒಂದು ರೂಢಿ ಇತ್ತು. ಮನೆಗೆ ಬೀಗ ಬಿದ್ದಿದ್ದರೆ ಹೋದ ತಿಂಗಳಿನದು ನೋಡಿ ಅಂದಾಜು ಬರೆದು ಮುಂದೆ ಹೋಗುವುದು. ಯಾರೂ ಅದನ್ನು ತಪ್ಪು ಅನ್ನುತ್ತಿರಲಿಲ್ಲ. ನಮ್ಮವರು ಮಾತ್ರ ಅಂದಾಜು ಬರೆಯುತ್ತಿರಲಿಲ್ಲ. "ಬಾಗಿಲು ಹಾಕಿತ್ತು" ಎಂದು ಬರೆದು ಸಂಜೆ ಮತ್ತೆ ಹೋಗುತ್ತಿದ್ದರು. ಸಿಗದಿದ್ದರೆ ಮರುದಿನ ಹೋಗುತ್ತಿದ್ದರು. ಕಂದಗಲ್ಲಿನ ಒಂದು ಮನೆಗೆ ನಾಲ್ಕು ಸಲ ಹೋದದ್ದು ನನಗೆ ಗೊತ್ತು. ಮೇಲಿನವರು ಬೈಯುತ್ತಿದ್ದರು. ಮಾಡಿಟ್ಟ ರೊಟ್ಟಿ ಆರುತ್ತದೆ ಎಂದು ನಾನೂ ಬೈಯುತ್ತಿದ್ದೆ.

"ನಾ ನೋಡಲಾರದ್ದನ್ನ ಹೆಂಗ ಬರೀಲಿ?" ಎನ್ನುತ್ತಿದ್ದರು. ಅದರ ಮೇಲೆ ಮಾತು ಬೆಳೆಸುತ್ತಿರಲಿಲ್ಲ.

ಇಳಕಲ್ ಬಸ್ ಸ್ಟ್ಯಾಂಡಿನ ಹಿಂದೆ ಖಾಸಿಂಸಾಬನ ಮೊಬೈಲ್ ರಿಪೇರಿ ಅಂಗಡಿ ಇದೆ. ಕೆಲಸ ಮುಗಿದ ಮೇಲೆ ಇವರು ಅಲ್ಲಿ ಹೋಗಿ ಕೂರುತ್ತಿದ್ದರು. ಅವನಿಂದಲೇ ಒಂದು ಹಳೆಯ ಲ್ಯಾಪ್‌ಟಾಪ್ ತಂದರು. ಇಂಗ್ಲಿಷ್ ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ವರ್ಷಗಟ್ಟಲೆ ಓದಿದರು. ಏನು ಓದುತ್ತೀರಿ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರು. ಆ ವರ್ಷಗಳಲ್ಲಿ ನನಗೆ ಅದರ ಮೇಲೆ ಸಿಟ್ಟಿತ್ತು. ಆ ಸಿಟ್ಟು ಯಾಕೆ ಇಟ್ಟುಕೊಂಡಿದ್ದೆ ಎಂದು ಈಗ ಅನಿಸುತ್ತದೆ.

ಅವರು ಮಾಡಿದ ಕೆಲಸ ಏನು ಎಂದು ಹೇಳದಿದ್ದರೆ ನನ್ನ ತಪ್ಪು ತಿಳಿಯುವುದಿಲ್ಲ. ಅವರು ನನಗೆ ಹೇಳಿದಂತೆಯೇ ಬರೆಯುತ್ತೇನೆ.

ಬಿಟ್‌ಕಾಯಿನ್ ಎಂಬ ಹೆಸರು ನೀವು ಕೇಳಿರಬಹುದು. ಅಂಥದೇ ಇನ್ನೊಂದು ಕಂಪ್ಯೂಟರ್ ಹಣ ಇದೆ, ಅದಕ್ಕಿಂತ ಬಹಳ ಸಣ್ಣದು. ಅದಕ್ಕೆ ಬ್ಯಾಂಕ್ ಇಲ್ಲ. ಯಾರು ಯಾರಿಗೆ ಕೊಟ್ಟರು ಎಂಬ ದಾಖಲೆಯನ್ನು ದೇಶ ದೇಶಗಳ ಜನ ತಮ್ಮ ತಮ್ಮ ಮನೆಯ ಯಂತ್ರದಲ್ಲಿ ಇಟ್ಟುಕೊಂಡಿರುತ್ತಾರೆ. ಆ ಯಂತ್ರಕ್ಕೆ ನೋಡ್ ಎನ್ನುತ್ತಾರೆ. ಅಂಥವು ಸುಮಾರು ಆರೂವರೆ ಸಾವಿರ ಇದ್ದವು. ಒಂದು ನಮ್ಮ ಮನೆಯಲ್ಲಿ, ದೇವರ ಜಗಲಿಯ ಪಕ್ಕದ ಗೋಡೆಯ ಮಾಡದಲ್ಲಿ ಇತ್ತು. ಆ ಹಣ ಮಾತ್ರ ನಮ್ಮ ಹತ್ತಿರ ಒಂದು ಪೈಸೆ ಇರಲಿಲ್ಲ. ಅವರಿಗೆ ಅದು ಬೇಕಾಗಿಯೂ ಇರಲಿಲ್ಲ.

ಬಹಳ ವರ್ಷ ಈ ಎಲ್ಲ ನೋಡ್‌ಗಳೂ ಒಂದೇ ಸಾಫ್ಟ್‌ವೇರ್ ಮೇಲೆ ನಡೆಯುತ್ತಿದ್ದವು. ಆಮೇಲೆ ಬೇರೆ ಕೆಲವರು ಕೂಡಿ ಎರಡನೆಯದೊಂದನ್ನು ಬರೆದರು. ಎರಡೂ ಮಾಡುವ ಕೆಲಸ ಒಂದೇ, ಬರೆದ ಕೈ ಬೇರೆ. ನಮ್ಮವರು ಎರಡನೆಯದಕ್ಕೆ ಹೋದರು. ಹಳೆಯದಕ್ಕೆ ಏನಾಗಿತ್ತು ಎಂದು ಕೇಳಿದೆ.

"ಊರಿಗೆಲ್ಲಾ ಒಂದ ಟ್ರಾನ್ಸ್‌ಫಾರ್ಮರ್ ಇದ್ರ, ಅದ ಸುಟ್ಟ ದಿನ ಊರೆಲ್ಲಾ ಕತ್ತಲಿ. ಎರಡ ಇದ್ರ ಅರ್ಧ ಊರಿಗರೆ ಬೆಳಕಿರ್ತೈತಿ" ಎಂದರು.

ಇದು ನನಗೆ ತಿಳಿಯಿತು.

ಎರಡನೆಯದಕ್ಕೆ ಎಷ್ಟು ಜನ ಬಂದಿದ್ದಾರೆ ಎಂಬುದೇ ಅಲ್ಲಿಯ ಜಗಳ. ಹೊಸದರ ಕಡೆಯವರು ಅರ್ಧ ಜನ ಬಂದರು ಎನ್ನುವರು. ಹಳೆಯದರ ಕಡೆಯವರು ಬೆರಳೆಣಿಕೆ ಎನ್ನುವರು. ಸರಿಯಾಗಿ ಎಣಿಸಿದವರು ಯಾರೂ ಇರಲಿಲ್ಲ. ನಮ್ಮವರು ಎಣಿಸಲು ಕುಳಿತರು.

ಪ್ರತಿ ನೋಡ್‌ಗೆ ಒಂದು ವಿಳಾಸ ಇರುತ್ತದೆ. ನಮ್ಮ ಯಂತ್ರ ಆ ವಿಳಾಸಕ್ಕೆ ಕರೆ ಕೊಡುತ್ತದೆ. ಅದು ತನ್ನ ಸಾಫ್ಟ್‌ವೇರಿನ ಹೆಸರು ಹೇಳುತ್ತದೆ. ಕೇಳಲು ಸುಲಭ. ಆದರೆ ಒಂದೇ ಯಂತ್ರ ಎರಡು ವಿಳಾಸದಿಂದ ಮಾತಾಡುವುದುಂಟು. ತಮ್ಮ ಪಕ್ಷ ದೊಡ್ಡದು ಕಾಣಲಿ ಎಂದು ಒಂದು ದಿನದ ಮಟ್ಟಿಗೆ ಇಪ್ಪತ್ತು ಯಂತ್ರ ಎಬ್ಬಿಸಿ ಮರುದಿನ ಮಲಗಿಸುವವರೂ ಉಂಟು. ಅದಕ್ಕೆ ನಮ್ಮವರು ಎರಡು ಕಟ್ಟಳೆ ಹಾಕಿಕೊಂಡರು. ಎರಡು ಬಾಗಿಲಿದ್ದರೂ ಮನೆ ಒಂದೇ. ಏಳು ದಿನ ಕರೆದಾಗ ಏಳೂ ದಿನ ದನಿ ಕೊಟ್ಟದ್ದು ಮಾತ್ರ ಎಣಿಕೆಗೆ. ಒಂದು ದಿನ ತಪ್ಪಿದರೂ ಅದು ಬೇರೆ ಪಟ್ಟಿಗೆ. ಆ ಪಟ್ಟಿಗೆ "ಬಾಗಿಲು ಹಾಕಿತ್ತು" ಎಂದೇ ಹೆಸರಿಟ್ಟಿದ್ದರು.

ಪ್ರತಿ ರವಿವಾರ ಮುಂಜಾನೆ ಎಣಿಕೆ ಮುಗಿಸಿ, ವಿಳಾಸಗಳ ಪಟ್ಟಿ ಸಮೇತ ಎಲ್ಲರಿಗೂ ಕಾಣುವಂತೆ ಇಂಟರ್‌ನೆಟ್ಟಿಗೆ ಹಾಕುತ್ತಿದ್ದರು. ಕೆಳಗೆ ತಮ್ಮ ಹೆಸರು, ಇಳಕಲ್ ಎಂದು ಊರು. ಬರಬರುತ್ತ ಎರಡೂ ಕಡೆಯವರು ರವಿವಾರಕ್ಕೆ ಕಾಯತೊಡಗಿದರು. ಜಗಳ ಬಂದಾಗ ಇಳಕಲ್ಲಿನ ಎಣಿಕೆ ನೋಡಿ ಎನ್ನುವಷ್ಟಾಯಿತು. ಖಾಸಿಂಸಾಬ ನನ್ನನ್ನು ಕಾಡಿಸುತ್ತಿದ್ದ.

"ಜರ್ಮನಿ ಮಂದಿಗೆ ಇಳಕಲ್ಲ ಅಂದ್ರ ಸೀರಿ ನೆನಪಾಗಂಗಿಲ್ಲ ಅಕ್ಕಾರ, ನಮ್ಮ ಅಣ್ಣಾರ ನೆನಪಾಗ್ತಾರ. ನೇಕಾರರು ಬಡಿಗಿ ತಗೊಂಡ ಬಂದಾರು, ಹುಷಾರಿರ್ರಿ."

ಮೊದಲ ವರ್ಷ ಎರಡನೆಯ ಸಾಫ್ಟ್‌ವೇರಿಗೆ ನೂರಕ್ಕೆ ಒಂಬತ್ತು ಬಂತು. ಆಮೇಲೆ ಹನ್ನೆರಡು, ಹದಿನೈದು. ಮೂರನೆಯ ವರ್ಷಕ್ಕೆ ಹದಿನೆಂಟಕ್ಕೆ ಬಂದು ನಿಂತಿತು. ಹಳೆಯ ಸಾಫ್ಟ್‌ವೇರಿನ ದೊಡ್ಡವರು ಒಂದು ಮಾತು ಕೊಟ್ಟಿದ್ದರು. ಇಳಕಲ್ಲಿನ ಎಣಿಕೆಯಲ್ಲಿ ನೂರಕ್ಕೆ ಇಪ್ಪತ್ತು ಆದ ದಿನ, ತಾವು ಏನೇ ಬದಲು ಮಾಡಿದರೂ ಎರಡನೆಯದರ ಜೊತೆಗೂ ಇಟ್ಟು ಪರೀಕ್ಷೆ ಮಾಡುತ್ತೇವೆ, ಅದನ್ನೂ ಮನೆಯವರಂತೆ ನೋಡುತ್ತೇವೆ ಎಂದು. ನಮ್ಮವರು ಆ ಇಪ್ಪತ್ತಕ್ಕೆ ಕಾಯುತ್ತಿದ್ದರು. ಬಾಯಿಬಿಟ್ಟು ಹೇಳುತ್ತಿರಲಿಲ್ಲ. ರವಿವಾರ ಮುಂಜಾನೆ ಚಹಾ ಆರಿದರೂ ಕುಡಿಯುತ್ತಿರಲಿಲ್ಲ. ಅದರ ಮೇಲೆ ನನಗೆ ತಿಳಿಯುತ್ತಿತ್ತು.

ಬಾಗಲಕೋಟೆಯಲ್ಲಿ ಮಧುಸೂದನ ಎಂಬ ಸರ್ ಇದ್ದಾರೆ. ಕಾಲೇಜಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಿಯಾದವರು. ಅವರದೂ ಒಂದು ನೋಡ್, ಹಳೆಯ ಸಾಫ್ಟ್‌ವೇರ್. ಇಂಟರ್‌ನೆಟ್ಟಿನಲ್ಲಿ ಇವರಿಬ್ಬರೂ ಜಗಳವಾಡುತ್ತಿದ್ದರು. ಒಂದೇ ಜಿಲ್ಲೆಯವರು ಎಂದು ಗೊತ್ತಾದದ್ದು ಒಂದು ವರ್ಷ ಜಗಳವಾಡಿದ ಮೇಲೆ. ಒಮ್ಮೆ ಬಾದಾಮಿಯಲ್ಲಿ ಕೂಡೋಣ ಎಂದು ಮಾತಾಯಿತು. ನನ್ನನ್ನೂ ಕರೆದುಕೊಂಡು ಹೋದರು. ಬನಶಂಕರಿಗೆ ಹೋಗಿ ಬಂದು, ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಖಾನಾವಳಿಯಲ್ಲಿ ಊಟಕ್ಕೆ ಕುಳಿತೆವು. ಮಧುಸೂದನ ಸರ್ ಕಾಳುಪಲ್ಲೆ ಬಡಿಸಿಕೊಳ್ಳುತ್ತಲೇ ಚುಚ್ಚಿದರು.

"ಏನ್ರಿ ಅನಿಲಕುಮಾರ, ಆಡಾವ್ರೂ ನೀವ, ಅಂಪೈರೂ ನೀವ. ಇದ್ಯಾವ ಮ್ಯಾಚರಿ?"

ನಮ್ಮವರು ರೊಟ್ಟಿ ಮುರಿಯುತ್ತಿದ್ದರು. ತಲೆ ಎತ್ತಲಿಲ್ಲ. "ಮೂರು ವಾರದಿಂದ ನಮ್ಮದ ಇಳದೈತ್ರಿ ಸರ. ಅದನ್ನ ಬರದಾವನೂ ನಾನ" ಎಂದರು.

ಸರ್ ನಕ್ಕುಬಿಟ್ಟರು. ನನ್ನ ಕಡೆ ತಿರುಗಿ, ನಿಮ್ಮ ಯಜಮಾನರ ಮೇಲೆ ನನಗೆ ಬಹಳ ಸಿಟ್ಟಿದೆ, ಆದರೆ ಅವರ ಅಂಕಿಯ ಮೇಲೆ ಇಲ್ಲ ಎಂದರು. ಆ ದಿನ ಬಸ್ಸಿನಲ್ಲಿ ಬರುವಾಗ ನಮ್ಮವರು ಬಹಳ ಖುಷಿಯಲ್ಲಿದ್ದರು.

ಸಕ್ಕರೆ ರೋಗ ಮೊದಲಿನಿಂದ ಇತ್ತು. ಐವತ್ತಾರನೆಯ ವರ್ಷಕ್ಕೆ ಕಿಡ್ನಿ ಕೆಟ್ಟವು. ವಾರಕ್ಕೆ ಎರಡು ಸಲ ಬಾಗಲಕೋಟೆಗೆ ಡಯಾಲಿಸಿಸ್‌ಗೆ ಹೋಗತೊಡಗಿದೆವು. ಮೀಟರ್ ಕೆಲಸ ಬಿಟ್ಟರು. ಕಣ್ಣೂ ಮಬ್ಬಾದವು. ಪರದೆಯ ಮೇಲಿನ ಅಕ್ಷರ ಕಾಣದಾಯಿತು. ಆಗ ನನಗೆ ಕಲಿಸಿದರು.

ನಾನು ಐದನೆಯ ಇಯತ್ತೆ ಓದಿದವಳು. ಇಂಗ್ಲಿಷ್ ಅಕ್ಷರ ಗುರುತಿವೆ, ಅರ್ಥ ಗೊತ್ತಿಲ್ಲ. ಎರಡು ಸಾಫ್ಟ್‌ವೇರಿನ ಹೆಸರುಗಳ ಆಕಾರ ನೋಡಿ ಗುರುತು ಹಿಡಿದೆ. ಯಾವ ಕೀಲಿ ಒತ್ತಿದರೆ ಎಣಿಕೆ ಶುರುವಾಗುತ್ತದೆ, ಏಳು ದಿನದ ಪಟ್ಟಿ ಎಲ್ಲಿ ಬರುತ್ತದೆ, ಎರಡು ಬಾಗಿಲಿನ ಮನೆ ಸಿಕ್ಕರೆ ಕೈಯಿಂದ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಹೇಗೆ ಸರಿಸಬೇಕು, ಎಲ್ಲ ಕಲಿಸಿದರು. ನಾನು ಓದಿ ಹೇಳುವುದು, ಅವರು ಕಣ್ಣು ಮುಚ್ಚಿ ಕೇಳುವುದು. ಹಾಗೆ ಎಂಟು ತಿಂಗಳು ನಡೆಯಿತು. ನಮ್ಮ ಸಂಸಾರದಲ್ಲಿ ನಾವಿಬ್ಬರೂ ಕೂಡಿ ಮಾಡಿದ ಕೆಲಸ ಅದೊಂದೇ. ಮೊದಲೇ ಕಲಿತಿದ್ದರೆ ಇನ್ನೂ ಕೆಲವು ವರ್ಷ ಹಾಗೆ ಕೂರಬಹುದಿತ್ತು.

ಕೊನೆಗೆ ಬಾಗಲಕೋಟೆಯ ದವಾಖಾನೆಯಲ್ಲಿ ಇಟ್ಟುಕೊಂಡರು. ಎಣಿಸುವ ಲ್ಯಾಪ್‌ಟಾಪ್ ದಿನಾ ಕರೆ ಕೊಡುತ್ತಿರಬೇಕಾದ್ದರಿಂದ ಇಳಕಲ್ಲಿನ ಮನೆಯಲ್ಲೇ ಇತ್ತು. ಶನಿವಾರ ಸಂಜೆ ಪಕ್ಕದ ಹಾಸಿಗೆಯವರ ಹೆಂಡತಿಗೆ ಇವರನ್ನು ನೋಡಿಕೊಳ್ಳಲು ಹೇಳಿ ನಾನು ಊರಿಗೆ ಬರುತ್ತಿದ್ದೆ. ರವಿವಾರ ಮುಂಜಾನೆ ಎಣಿಸಿ, ಇಂಟರ್‌ನೆಟ್ಟಿಗೆ ಹಾಕಲು ನನಗೆ ಬಾರದ್ದರಿಂದ ಪಟ್ಟಿಯನ್ನು ಪೆನ್‌ಡ್ರೈವಿನಲ್ಲಿ ಖಾಸಿಂಸಾಬನಿಗೆ ಕೊಟ್ಟು, ಅಂಕಿಯನ್ನು ಕಾಗದದಲ್ಲಿ ಬರೆದುಕೊಂಡು ಬಸ್ ಹತ್ತುತ್ತಿದ್ದೆ. ಮಧ್ಯಾಹ್ನ ಅವರಿಗೆ ಹೇಳುತ್ತಿದ್ದೆ. ಅವರು ಖಾಸಿಂಸಾಬನಿಗೆ ಫೋನ್ ಮಾಡಿ ಹಾಕು ಎನ್ನುತ್ತಿದ್ದರು. ಅವರು ಹಾಕು ಎನ್ನದೆ ಯಾವುದೂ ಹೋಗುತ್ತಿರಲಿಲ್ಲ.

ಎರಡನೆಯ ರವಿವಾರದ ಹಿಂದಿನ ದಿನ ಡಾಕ್ಟರರು ನನ್ನನ್ನು ಹೊರಗೆ ಕರೆದು ಹೇಳಿದರು. ಇನ್ನು ಬಹಳ ದಿನ ಇಲ್ಲ ಎಂದು. ಅದನ್ನು ತಲೆಯಲ್ಲಿಟ್ಟುಕೊಂಡೇ ಇಳಕಲ್ಲಿಗೆ ಬಂದೆ. ಮರುದಿನ ಮುಂಜಾನೆ ಎಣಿಸಿದೆ. ಹದಿನೆಂಟು ಮತ್ತು ಸ್ವಲ್ಪ.

ಈಗ ನಮ್ಮ ತವರಿನ ಮಾತು ಹೇಳಬೇಕು. ನಮ್ಮಪ್ಪ ಅಂದಪ್ಪ ಹುನಗುಂದದ ಸಂತೆಯಲ್ಲಿ ಜೋಳ ಅಳೆಯುತ್ತಿದ್ದ. ಸೇರು ತುಂಬಿ ಮೇಲೆ ಕೈ ಎಳೆದು ಮಟ್ಟ ಮಾಡಿ ಕೊಡುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಅಳತೆ ಮುಗಿದ ಮೇಲೆ ಒಂದು ಹಿಡಿ ಕೊಸರು ಹಾಕಲೇಬೇಕು. ರೋಗಿ ಇದ್ದ ಮನೆಗೆ ಒಯ್ಯುತ್ತಾರೆ ಎಂದು ಗೊತ್ತಾದರಂತೂ ಸೇರಿನ ಮೇಲೆ ಗೋಪುರ ನಿಲ್ಲುವಂತೆ ತುಂಬಿ, ಮೇಲೆ ಎರಡು ಹಿಡಿ ಹಾಕುತ್ತಿದ್ದ. ರೋಗಿಯ ಮನೆಗೆ ಮಟ್ಟದ ಸೇರು ಕೊಡುವುದು ಪಾಪ ಎನ್ನುತ್ತಿದ್ದ. ಅವನ ಪಕ್ಕದಲ್ಲಿ ಚೀಲ ಹಿಡಿದು ನಾನು ಬೆಳೆದೆ. ನನಗೆ ಅಳತೆಯ ಪ್ರಾಮಾಣಿಕತನ ಅಂದರೆ ಅದೇ.

ಪರದೆಯ ಮೇಲೆ ಬಾಗಿಲು ಹಾಕಿದವುಗಳ ಪಟ್ಟಿ ಇತ್ತು. ಹೊಸ ಸಾಫ್ಟ್‌ವೇರಿನವು, ಆರು ದಿನ ದನಿ ಕೊಟ್ಟಿದ್ದವು. ಕೆಲವು ಐದು ದಿನ. ಇವೇನು ಇಲ್ಲದ ಯಂತ್ರಗಳಲ್ಲ ಎಂದುಕೊಂಡೆ. ಇವೆ. ಒಂದು ದಿನ ಮಲಗಿವೆ, ಅಷ್ಟೇ. ಒಂದನ್ನು ಸರಿಸಿದೆ. ಇನ್ನೊಂದನ್ನು ಸರಿಸಿದೆ. ಒಂದೂವರೆ ತಾಸು ಸರಿಸುತ್ತ ಕುಳಿತೆ. ನೂರಾ ಇಪ್ಪತ್ತೆಂಟು ಸರಿಸಿದಾಗ ಇಪ್ಪತ್ತು ಬಂತು. ಅಲ್ಲಿಗೆ ನಿಲ್ಲಿಸಿದೆ.

ಹಳೆಯ ಸಾಫ್ಟ್‌ವೇರಿನ ಪಟ್ಟಿಯಲ್ಲೂ ಆರು ದಿನ ದನಿ ಕೊಟ್ಟವು ಬೇಕಾದಷ್ಟಿದ್ದವು. ಅವನ್ನು ನಾನು ಮುಟ್ಟಲಿಲ್ಲ. ನಮ್ಮಪ್ಪ ಎಲ್ಲರಿಗೂ ಕೊಸರು ಹಾಕುತ್ತಿದ್ದ. ನಾನು ಒಬ್ಬರಿಗೆ ಮಾತ್ರ ಹಾಕಿದೆ.

ಮಧ್ಯಾಹ್ನ ದವಾಖಾನೆಗೆ ಹೋದೆ. ಅವರು ಗೋಡೆಯ ಕಡೆ ಮಗ್ಗುಲಾಗಿ ಮಲಗಿದ್ದರು. ನನ್ನ ಹೆಜ್ಜೆ ಕೇಳಿ ಈ ಕಡೆ ತಿರುಗಿದರು.

"ಎಷ್ಟ ಬಂತು?"

"ಇಪ್ಪತ್ತ ಬಂದೈತ್ರಿ."

"ಬಾಗಿಲ ಹಾಕಿದ್ದು ತಗದೀಯಿಲ್ಲ?" ಎಂದು ಕೇಳಿದರು.

"ತಗದೇನ್ರಿ."

ಸುಳ್ಳು ಅಂದರೆ ಆ ಒಂದು ಮಾತು. ಯಂತ್ರದಲ್ಲಿ ಮಾಡಿದ್ದನ್ನು ಕೊಸರು ಎಂದುಕೊಂಡಿದ್ದೆ. ಈ ಮಾತಿಗೆ ಹಾಗೆ ಹೆಸರಿಡಲು ಬರುವುದಿಲ್ಲ.

ಅವರು ಇನ್ನೊಮ್ಮೆ ಕೇಳಲಿಲ್ಲ. ನನ್ನ ಮೇಲೆ ಅಷ್ಟು ನಂಬಿಕೆ. ಖಾಸಿಂಸಾಬನಿಗೆ ಫೋನ್ ಹಚ್ಚಿಸಿಕೊಂಡು ಹಾಕು ಎಂದರು. ಆ ದಿನ ಒಂದು ತುತ್ತು ಹೆಚ್ಚು ಉಂಡರು. ನರ್ಸಿಗೆ, ಪಕ್ಕದ ಹಾಸಿಗೆಯವರಿಗೆ, ಕಸ ಗುಡಿಸಲು ಬಂದವರಿಗೂ ಟ್ರಾನ್ಸ್‌ಫಾರ್ಮರಿನ ಮಾತು ಹೇಳಿದರು. ಅವರಿಗೆ ಏನೂ ತಿಳಿಯಲಿಲ್ಲ, ಆದರೆ ಎಲ್ಲರೂ ಚಲೋ ಆತು ಎಂದರು. ಐದು ದಿನ ಅವರು ಹಾಗೆ ಇದ್ದರು. ಅವರನ್ನು ಅಷ್ಟು ಹಗುರವಾಗಿ ನಾನು ನೋಡಿರಲಿಲ್ಲ. ಒಳ್ಳೆಯದು ಮಾಡಿದೆ ಎಂದೇ ತಿಳಿದಿದ್ದೆ.

ಶುಕ್ರವಾರ ಹತ್ತು ಗಂಟೆಗೆ ಮಧುಸೂದನ ಸರ್ ಬಂದರು. ಕೈಯಲ್ಲಿ ಹಣ್ಣು ಮತ್ತು ಕೆಲವು ಕಾಗದ. ನಾನು ನೀರು ತರಲು ಹೋಗಿದ್ದೆ. ಬಂದಾಗ ಅವರು ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಮಾತಾಡುತ್ತಿದ್ದರು. ನಾನು ಬಾಗಿಲಲ್ಲಿ ನಿಂತೆ.

"ಈ ನೂರಾ ಇಪ್ಪತ್ತೆಂಟು ನನ್ನ ಕಡೆ ಕೂಡವಲ್ಲವು" ಎಂದರು ಸರ್. "ನಾನೂ ಈ ವಾರ ಎಣಿಸೇನಿ. ಆರ ದಿನ ಮಾತಾಡ್ಯಾವ, ಐದ ದಿನ ಮಾತಾಡ್ಯಾವ. ಏಳ ದಿನ ಒಂದೂ ಇಲ್ಲ. ಎಲ್ಲಾ ನಿಮ್ಮ ಕಡೇವ ಅವ. ಹೊರಗ ಹೇಳೂಕಿಂತ ಮೊದಲ ನಿಮ್ಮನ್ನ ಕೇಳಬೇಕು ಅನಿಸ್ತು."

ನಮ್ಮವರು ಆ ವಿಳಾಸಗಳನ್ನು ಓದಲು ಹೇಳಿದರು. ಸರ್ ಒಂದೊಂದಾಗಿ ಓದಿದರು. ಹತ್ತು ಹನ್ನೆರಡು ಆಗುವತನಕ ಕೇಳಿದರು. ಆಮೇಲೆ ಸಾಕು ಎಂದು ಕೈ ಎತ್ತಿದರು. ಬಾಗಿಲ ಕಡೆ ಮುಖ ತಿರುಗಿಸಿದರು. ಕಣ್ಣು ಕಾಣುತ್ತಿರಲಿಲ್ಲ. ನಾನು ಅಲ್ಲಿ ನಿಂತಿದ್ದೇನೆ ಎಂದು ಅವರಿಗೆ ಗೊತ್ತಿತ್ತು.

"ಕೈತಪ್ಪ ಆಗೇತ್ರಿ ಸರ. ನಂದ" ಎಂದರು. "ಎಣಿಕಿ ಹಿಂದಕ್ಕ ತಗೊಂಡೇನಿ ಅಂತ ಬರೀರಿ. ನನ್ನ ಹೆಸರ ಮ್ಯಾಲೆ ಬರೀರಿ."

ಆಗ ನಾನು ಹೇಳಬೇಕಿತ್ತು. ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಸರ್ ಎದುರಿಗೇ ಇದ್ದರು, ಇವರು ಬದುಕಿದ್ದರು. ಆಗ ಹೇಳಿದ್ದರೆ ಎಲ್ಲರೂ ನಂಬುತ್ತಿದ್ದರು. ನಾನು ಬಾಯಿ ತೆರೆಯಲಿಲ್ಲ. ಇವರ ಎದೆ ಒಡೆದೀತು ಎಂದು ಸುಮ್ಮನಿದ್ದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಖರೆ ಅದಲ್ಲ. ಆ ದೊಡ್ಡ ಮನುಷ್ಯರ ಎದುರು ನನ್ನ ಮುಖ ಉಳಿಸಿಕೊಳ್ಳಲು ಸುಮ್ಮನಿದ್ದೆ.

ಸರ್ ಹೋದ ಮೇಲೆ ನಾನು ನೀರಿನ ಬಾಟಲಿ ಇಟ್ಟು ಕಾಲ ಕಡೆ ಕುಳಿತೆ. ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ಹದಿನೆಂಟ ಅಂತ ಹೇಳಿದ್ರ ನಾ ಹದಿನೆಂಟ ಕೇಳಿಕೊಂಡ ಸಾಯ್ತಿದ್ದೆ" ಎಂದರು. "ಅದೇನ ಕಡಿಮಿ ಇತ್ತು?"

ನಾನು ಅವರ ಕಾಲಿನ ಮೇಲೆ ಹೊದಿಕೆ ಎಳೆದೆ.

ಮರುದಿನ ಊರಿಗೆ ಹೊರಟಾಗ ಇನ್ನೊಂದು ಮಾತು ಹೇಳಿದರು. "ಸರಿಯಾಗಿ ಎಣಸ. ಸೀದಾ ಖಾಸಿಂಸಾಬಗ ಕೊಟ್ಟ ಹಾಕ ಅನ್ನು. ನನಗ ಬಂದ ಹೇಳೂದ ಬ್ಯಾಡ."

ಎಣಿಸಿದೆ. ಹದಿನೆಂಟು ಬಂತು. ಖಾಸಿಂಸಾಬನಿಗೆ ಕೊಟ್ಟೆ. ಅವನು ಹಾಕಿದ. ದವಾಖಾನೆಗೆ ಹಿಂದಿರುಗಿ ಅವರ ಪಕ್ಕ ಕುಳಿತೆ. ಅಂಕಿ ಬಾಯಲ್ಲಿತ್ತು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಮೂರು ವರ್ಷದಲ್ಲಿ ಅಂಕಿ ಅವರಿಗೆ ತಿಳಿಯದೆ ಹೋದ ರವಿವಾರ ಅದೊಂದೇ. ಮಂಗಳವಾರ ಮುಂಜಾನೆ ತೀರಿಕೊಂಡರು. ಹುನಗುಂದದಲ್ಲಿ ಮಣ್ಣು ಮಾಡಿದೆವು. ಜನ ಬಹಳ ಬಂದಿದ್ದರು. ಅವರು ಮೀಟರ್ ಓದಿದ ಮನೆಗಳ ಜನ.

ಇಂಟರ್‌ನೆಟ್ಟಿನಲ್ಲಿ ಏನಾಯಿತು ಎಂದು ಖಾಸಿಂಸಾಬ ಕೆಲವು ದಿನ ಮುಚ್ಚಿಟ್ಟ. ನಾನು ಕೇಳಿ ಕೇಳಿ ಹೇಳಿಸಿದೆ. ಹೊಸದರ ಕಡೆಯವನು, ಸಾಯುವ ಮೊದಲು ಇಪ್ಪತ್ತು ಮಾಡಿ ಹೋಗಬೇಕು ಎಂದು ಬೇಕೆಂದೇ ಮಾಡಿದ ಎಂದು ಬರೆದಿದ್ದರು. ಒಂದು ವಾರ ಮಾಡಿದವನು ನೂರಾ ಐವತ್ತು ವಾರ ಮಾಡಿಲ್ಲ ಎಂದು ಏನು ನಂಬಿಕೆ ಎಂದು ಬರೆದಿದ್ದರು. ಹಳೆಯವರು ತಾವು ಕೊಟ್ಟ ಮಾತು ಹಿಂದೆ ತೆಗೆದುಕೊಂಡರು. ಮೋಸದವರ ಜೊತೆ ಇರಲಾರೆವು ಎಂದು ಹೊಸದನ್ನು ಬಿಟ್ಟು ಹೋದವರೂ ಇದ್ದರು. ಎರಡು ತಿಂಗಳಲ್ಲಿ ಹದಿನೆಂಟು ಇದ್ದದ್ದು ಹದಿನಾಲ್ಕಾಯಿತು. ನಾನು ಹಾಕಿದ ಎರಡು, ಅವರ ನಾಲ್ಕನ್ನು ತಿಂದಿತು.

ತಿಂಗಳು ಕಳೆದ ಮೇಲೆ ಲ್ಯಾಪ್‌ಟಾಪನ್ನು ಚೀಲದಲ್ಲಿ ಹಾಕಿಕೊಂಡು ಬಾಗಲಕೋಟೆಯ ನವನಗರಕ್ಕೆ, ಮಧುಸೂದನ ಸರ್ ಮನೆಗೆ ಹೋದೆ. ಅವರ ಮನೆಯವರು ಪ್ರೇಮಾಬಾಯಿ ಅವಲಕ್ಕಿ ಕೊಟ್ಟರು. ನಾನು ಮುಟ್ಟಲಿಲ್ಲ. ಮೊದಲು ಹೇಳಿದೆ. ಕೊಸರಿನಿಂದ ಹಿಡಿದು ಬಾಗಿಲಲ್ಲಿ ಸುಮ್ಮನೆ ನಿಂತದ್ದರವರೆಗೆ ಎಲ್ಲ ಹೇಳಿದೆ. ಸರ್ ಕನ್ನಡಕ ತೆಗೆದು ಒರೆಸುತ್ತ ಕೇಳಿದರು.

"ನಾ ನಂಬ್ತೇನಿ ಶಿವಲಿಂಗವ್ವಾರ. ಆದ್ರ ನೀವು ಕೇಳೂದು ಭಾಳ ಕಷ್ಟದ್ದದ. ತಪ್ಪು ನಂದ ಅಂತ ಅವರು ನನ್ನ ಮುಂದ ಹೇಳ್ಯಾರ. ಅವರು ಕಡೀಕ ಬರಸಿದ ಮಾತದು. ಅದ ಸುಳ್ಳು ಅಂತ ನಾ ಹ್ಯಾಂಗ ಬರೀಲಿ?"

ಬರೆಯಿರಿ ಎಂದೆ. ಸುಳ್ಳು ಹೇಳಿದ್ದು ನನ್ನ ಸಲುವಾಗಿ, ಅವರ ಸಲುವಾಗಿ ಅಲ್ಲ ಎಂದೆ. ಸರ್ ಕನ್ನಡಕ ಹಾಕಿಕೊಂಡರು. ಲ್ಯಾಪ್‌ಟಾಪ್ ಬಿಟ್ಟುಹೋಗಲು ಹೇಳಿದರು. ಅದರಲ್ಲಿ ಮೂರು ವರ್ಷದ ಪ್ರತಿ ದಿನದ ಕರೆ, ಪ್ರತಿ ಉತ್ತರ ಇತ್ತು. ನಮ್ಮವರು ಯಾವುದನ್ನೂ ಅಳಿಸಿರಲಿಲ್ಲ.

ಸರ್ ಎರಡು ತಿಂಗಳು ಕುಳಿತು ಒಂದೊಂದೇ ವಾರ ತೆಗೆದು ಪರೀಕ್ಷೆ ಮಾಡಿದರು. ನೂರಾ ಐವತ್ತಕ್ಕೂ ಹೆಚ್ಚು ವಾರ. ಆ ಒಂದು ವಾರ ಬಿಟ್ಟು ಎಲ್ಲವೂ ಸರಿ ಇದ್ದವು. ನಾನು ಕುಳಿತು ಮಾಡಿದ ಎಂಟು ತಿಂಗಳೂ ಸರಿ ಇದ್ದವು. ಅದನ್ನು ತಮ್ಮ ಹೆಸರಿನಲ್ಲಿ ಬರೆದು ಹಾಕಿದರು. ಹಳೆಯ ಪಕ್ಷದವರೇ ಹೇಳಿದ್ದರಿಂದ ಜನ ಒಪ್ಪಿದರು. ಮೂರು ವರ್ಷದ ಕೆಲಸ ಉಳಿಯಿತು. ಈಗ ಪ್ರತಿ ರವಿವಾರ ಸರ್ ಎಣಿಸುತ್ತಾರೆ, ನಮ್ಮವರ ಕಟ್ಟಳೆಯಂತೆಯೇ. ಎಣಿಸಲು ನಾನೂ ಬರಲೇ ಎಂದು ಕೇಳಿದೆ. ಬೇಡ ಎಂದರು. ಅವರು ಹೇಳಿದ್ದು ಸರಿ.

ಆ ಬರಹದ ಕೆಳಗೆ ನನ್ನ ಮಾತನ್ನೂ ಸೇರಿಸಿದ್ದರು. ಆ ಒಂದು ರವಿವಾರದ ಎಣಿಕೆ ಮಾಡಿದವಳು ಅವರ ಹೆಂಡತಿ ಶಿವಲಿಂಗವ್ವ, ತಪ್ಪು ತನ್ನದು ಎಂದು ಆಕೆ ಹೇಳುತ್ತಾಳೆ ಎಂದು.

ಖಾಸಿಂಸಾಬ ನನ್ನನ್ನು ಅಂಗಡಿಗೆ ಕರೆದು ಉತ್ತರಗಳನ್ನು ಓದಿ ಕನ್ನಡದಲ್ಲಿ ಹೇಳಿದ. ಖುಷಿಯಿಂದ ಹೇಳಿದ. ಎಂಥ ಹೆಂಡತಿ ಎಂದು ಬರೆದಿದ್ದರು. ಸತ್ತ ಗಂಡನ ತಪ್ಪನ್ನು ತನ್ನ ತಲೆಯ ಮೇಲೆ ಎಳೆದುಕೊಂಡಳು, ಇಂಥ ಹೆಂಡತಿ ಎಲ್ಲರಿಗೂ ಸಿಗುವುದಿಲ್ಲ ಎಂದು ಬರೆದಿದ್ದರು. ಒಬ್ಬರು ಕೈಮುಗಿದ ಚಿತ್ರ ಹಾಕಿದ್ದರು. ಅನಿಲಕುಮಾರ ಒಮ್ಮೆ ಎಡವಿದ, ಪರವಾಗಿಲ್ಲ, ಕ್ಷಮಿಸೋಣ ಎಂದು ಎಷ್ಟೋ ಜನ ಬರೆದಿದ್ದರು.

ಹಾಗಲ್ಲ, ಖರೆ ನಾನೇ ಮಾಡಿದ್ದು ಎಂದು ಬರೆ ಎಂದೆ. ಅವನು ಬರೆದ. ನೋಡಿ, ಎಷ್ಟು ಹೇಳಿದರೂ ಗಂಡನನ್ನು ಬಿಟ್ಟುಕೊಡುವುದಿಲ್ಲ ಎಂದು ಇನ್ನಷ್ಟು ಹೊಗಳಿದರು. ಮೂರು ಸಲ ಬರೆಸಿದೆ. ಮೂರು ಸಲವೂ ಹಾಗೇ ಆಯಿತು.

ಕೊನೆಗೆ ಎಲ್ಲ ಅಳಿಸಿಬಿಡು ಎಂದೆ.

"ನಂದಷ್ಟ ಅಳಸಾಕ ಬರ್ತೈತಿ ಅಕ್ಕಾರ" ಎಂದ ಖಾಸಿಂಸಾಬ. "ಅವರು ಬರದದ್ದು ನನ್ನ ಕೈಯಾಗಿಲ್ಲ."

ಅವನು ಅಂಗಡಿಯ ಕೆಲಸಕ್ಕೆ ತಿರುಗಿದ. ನಾನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕುಳಿತಿದ್ದೆ. ಪರದೆಯ ಮೇಲೆ ನಮ್ಮವರ ಹೆಸರು ಇತ್ತು, ಅದರ ಪಕ್ಕದಲ್ಲಿ ಕ್ಷಮಿಸಿದ್ದೇವೆ ಎಂದು ಇತ್ತು.